ಹೆಡರ್ ಹಾಕಿದ ಬೆಕ್ಕು

ಬೆಕ್ಕಿನ ಕೈಗೆ ಸ್ಪ್ಯಾನರ್ ಒಗ್ಗದು ಎಂದು ಹೇಳಿದ್ದು ಗ್ಯಾರೇಜಿನ ನಾಯಿ. ಗೋದಾಮುಗಳಲ್ಲಿ ಇಲಿ ಹಿಡಿದ ಸಂಪಾದನೆಯಿಂದಲೇ ಸ್ಪೋರ್ಟ್ಸ್ ಕಾರು ಕೊಂಡಿದ್ದ ಬೆಕ್ಕಮ್ಮನಿಗೆ ಅಷ್ಟು ಮಾತು ಸಾಕಾಯಿತು. ಹಳೆಯ ಹೊಗೆಕೊಳವೆ ಕಿತ್ತು, ಕಾರು ಹುಲಿಯಂತೆ ಗರ್ಜಿಸುವ ಹಾಗೆ ಹೆಡರ್ ಎಂಬ ಹೊಸ ಉಕ್ಕಿನ ಹೊಗೆಕೊಳವೆಯನ್ನು ತಾನೇ ಕೂರಿಸುತ್ತೇನೆಂದು ಕಾರಿನಡಿಗೆ ನುಗ್ಗಿದಳು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಕಾದು, ಒಂದೊಂದನ್ನೇ ಬಿಚ್ಚಿದಳು.

ಸಂಜೆ ಕಾರು ಚಾಲೂ ಮಾಡಿದಾಗ ಹೊಸ ಹೆಡರಿನಿಂದ ಹೊಗೆ ಎದ್ದಿತು.

“ಬೆಂಕಿ! ನಾನು ಹೇಳಲಿಲ್ಲವೇ?” ಎಂದು ನಾಯಿ ಬಕೆಟ್ ಹಿಡಿದು ಓಡಿಬಂತು.

“ಸುಮ್ಮನಿರಣ್ಣ. ಕೊಳವೆಗೆ ಮೆತ್ತಿದ ನನ್ನ ಕೈಯ ಎಣ್ಣೆ ಸುಡುತ್ತಿದೆ, ಅಷ್ಟೆ.”

ಹೊಗೆ ಅಡಗಿತು, ಕಾರು ಗುಡುಗಿತು, ಬೆಕ್ಕಮ್ಮ ಸೀಟಿನಲ್ಲೇ ಕುಣಿದಳು.

ಗೋದಾಮಿನ ಬೀದಿಗೆ ಬಂದಾಗ ಸೂರಿನ ಮೇಲಿಂದ ಮುದಿ ಇಲಿಯೊಂದು ಕೈಮುಗಿಯಿತು. “ಬಹಳ ಉಪಕಾರವಾಯಿತು ತಾಯಿ! ನೀವು ಗ್ಯಾರೇಜು ಬಿಟ್ಟಾಗಲೇ ಸದ್ದು ಕೇಳಿಸಿತು. ಮಕ್ಕಳುಮರಿಗಳನ್ನೆಲ್ಲ ಬಿಲ ಸೇರಿಸಿದೆ.”

“ಅಷ್ಟು ದೂರಕ್ಕೂ ಕೇಳಿಸಿತೇ?” ಎಂದು ಹಿಗ್ಗಿದ ಬೆಕ್ಕಮ್ಮ ಆಕ್ಸಿಲರೇಟರನ್ನು ಇನ್ನೊಮ್ಮೆ ಒತ್ತಿದಳು.

ಈಗ ಊರಿನಲ್ಲಿ ಹುಲಿಯ ದನಿಯ ಕಾರು ಇರುವುದು ಅವಳೊಬ್ಬಳಿಗೇ. ಅದಕ್ಕೆ ಅವಳು ತೆತ್ತ ಬೆಲೆ, ಮೂರು ಹೊತ್ತೂ ಮೊಸರನ್ನ.