ಧಣಿಗಳ ಸಾಲು

ಡ್ರಮ್ ಬಾರಿಸುತ್ತಿದ್ದ ಜೋಯೆಲ್ ತೀರಿಕೊಂಡ ಮೇಲೆ ಬ್ಯಾಂಡಿನ ಉಳಿದ ಮೂವರು ಅವನ ನೆನಪಿಗೊಂದು ಹಾಡು ಕಟ್ಟಿದರು. ಸಾಲು ಬರೆದವರೇ ಅದನ್ನು ಹಾಡಬೇಕೆನ್ನುವುದು ಅವರ ಪದ್ಧತಿ.

ಹಾಡಿನ ಬಿಡುಗಡೆಯ ಸಂಜೆ ಸಂಗೀತ ಕಂಪನಿಯ ಧಣಿ ವಿರೂಪಾಕ್ಷಯ್ಯ ಬಂದರು. "ಬರೆದವರಲ್ಲಿ ನನ್ನ ಹೆಸರೂ ಇರಬೇಕು. ಇಲ್ಲದಿದ್ದರೆ ಹಾಡು ಹೊರಗೆ ಬರೋದಿಲ್ಲ."

ಗಿಟಾರಿನ ತಾರಿಣಿಗೆ ಸಿಟ್ಟು ಬಂತು, ನುಂಗಿಕೊಂಡಳು. "ಆಗಲಿ ಸಾರ್. ಕೊನೆಯ ಸಾಲು ನಿಮ್ಮದು. ನೀವೇ ಬರೆದು ನೀವೇ ಹಾಡಬೇಕು."

"ಅದೇನು ಮಹಾ!"

ವೇದಿಕೆಯಲ್ಲಿ ಮೂವರೂ ತಮ್ಮ ತಮ್ಮ ಸಾಲು ಹಾಡಿದರು. ತಾರಿಣಿ ಮೈಕನ್ನು ಧಣಿಗಳ ಕೈಗಿತ್ತಳು. ಎದುರಿಗೇ ಜೋಯೆಲ್‌ನ ತಾಯಿ ಕೂತಿದ್ದರು. ಮಗನ ಬಗ್ಗೆ ಇವರೇನು ಹೇಳುತ್ತಾರೋ ಎಂದು ಆಕೆ ಮುಂದಕ್ಕೆ ಬಾಗಿದರು.

ಧಣಿಗಳು ಮೈಕನ್ನು ಬಾಯಿಯ ಹತ್ತಿರ ತಂದು ಆಕೆಯ ಕಡೆ ನೋಡಿದರು.

"ಅಮ್ಮಾ, ನಾನು ನಿಮ್ಮ ಮಗನನ್ನು ನೋಡಿಯೇ ಇಲ್ಲ," ಎಂದರು. ಮೈಕನ್ನು ತಾರಿಣಿಗೆ ಮರಳಿಸಿ ಮೆಲ್ಲಗೆ ಹೇಳಿದರು: "ನನ್ನ ಹೆಸರಿನ ಜಾಗದಲ್ಲಿ ಅವನದು ಹಾಕಮ್ಮ."