ನೆಲದ ಮೇಲೆ ಆಡದ ಆಟ

“ಗುರುಗಳೇ, ನಾವು ಕಟ್ಟಿದ ಆಟ ನಮ್ಮ ಪೆಟ್ಟಿಗೆಯಲ್ಲೇ ಇರಬೇಕೋ, ಎಲ್ಲರ ಕಂಪ್ಯೂಟರಿಗೂ ಬಿಟ್ಟುಕೊಡಬೇಕೋ?” ಎಂದು ಶರ್ವಾಣಿ ಕೇಳಿದಳು.

ಅವಳಿಗೆ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ತಯಾರಿಸುವ ಕಂಪನಿಯಲ್ಲಿ ಕೆಲಸ. ಆ ಕನ್ಸೋಲಿನಲ್ಲಿ ಮಾತ್ರ ಆಡಬಹುದಾದ ಆಟಗಳನ್ನೂ ಅವರೇ ಕಟ್ಟುತ್ತಿದ್ದರು. ಪೆಟ್ಟಿಗೆಯಿಂದ ಸಿಗುವ ಲಾಭ ಅಷ್ಟಕ್ಕಷ್ಟೆ. ಆಟದ ಆಸೆಗೆ ಜನ ಪೆಟ್ಟಿಗೆ ಕೊಳ್ಳಬೇಕು, ಕೊಂಡವರು ಮತ್ತೆ ಆಟ ಕೊಳ್ಳಬೇಕು. ಕಂಪನಿ ನಡೆಯುವುದೇ ಹಾಗೆ. ಆಟ ಎಲ್ಲೆಡೆ ಸಿಕ್ಕರೆ ಪೆಟ್ಟಿಗೆಯನ್ನು ಯಾರು ಕೇಳುತ್ತಾರೆ ಎಂದು ಕೆಲವರ ವಾದ. ಪೆಟ್ಟಿಗೆ ಕೊಳ್ಳಲಾಗದವರು ಆಡಬಾರದೆ ಎಂದು ಉಳಿದವರ ವಾದ. ನಾಳೆಯ ಸಭೆಯಲ್ಲಿ ಶರ್ವಾಣಿ ಯಾವುದಾದರೂ ಒಂದು ಕಡೆಗೆ ಕೈ ಎತ್ತಲೇಬೇಕಿತ್ತು. ಎರಡು ಕಡೆಯವರ ಮಾತೂ ಸರಿ ಎನಿಸಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಗುರುಗಳು ಸರಿ ತಪ್ಪು ಏನೂ ಹೇಳಲಿಲ್ಲ. ಕತೆ ಹೇಳಿದರು.

ಒಬ್ಬ ವ್ಯಾಪಾರಿ ಹೆಂಗಸು ದಾರಿ ತಪ್ಪಿದ್ದಳು. ಎತ್ತುಗಳ ಮೇಲೆ ಮೆಣಸು ಹೇರಿಕೊಂಡು ಊರೂರು ಸುತ್ತುವವಳು. ಒಂದು ಊರಲ್ಲಿ ನಾಲ್ಕು ದಿನ ನಿಂತರೆ ಅವಳಿಗೆ ಕಾಲು ತುರಿಸುತ್ತಿತ್ತು. ಜೊತೆಯವರು ಒಂದು ಕವಲಿನಲ್ಲಿ ತಿರುಗಿದರು, ಇವಳು ಇನ್ನೊಂದರಲ್ಲಿ ತಿರುಗಿದಳು. ಹೋಗುತ್ತಾ ಹೋಗುತ್ತಾ ಒಂದು ಮನೆ ಸಿಕ್ಕಿತು. ಜಗಲಿಯ ತುಂಬಾ ಜನ. ಹೊಳೆ ದಾಟುವ ದಾರಿ ಯಾವುದು ಎಂದು ಕೇಳಿದಳು. ಯಾರೂ ತಲೆ ಎತ್ತಲಿಲ್ಲ. ಮತ್ತೆ ಕೇಳಿದಳು. ಒಬ್ಬ ಮುದುಕ ಅವಳ ಕಡೆ ನೋಡದೆಯೇ ಕೈ ಅಡ್ಡ ಹಿಡಿದು, ಹೊಳೆ ಎಲ್ಲೂ ಓಡಿಹೋಗುವುದಿಲ್ಲ, ಈ ಆಟ ಮುಗಿಯಲಿ ತಾಳಮ್ಮ ಎಂದ.

ನಡುವೆ ಒಂದು ಮರದ ಮಣೆ ಇತ್ತು. ಅದರಲ್ಲಿ ಗುಳಿಗಳು, ಗುಳಿಗಳಲ್ಲಿ ಗುಲಗಂಜಿ. ಎದುರುಬದುರು ಕೂತ ಇಬ್ಬರು ಒಂದು ಗುಳಿಯಿಂದ ಬೀಜ ಎತ್ತಿ ಉಳಿದವುಗಳಿಗೆ ಹಂಚುತ್ತಿದ್ದರು. ಅಂಥ ಆಟಗಳನ್ನು ಅವಳು ಬೇಕಾದಷ್ಟು ಊರುಗಳಲ್ಲಿ ಕಂಡಿದ್ದಳು. ಆದರೆ ಇದು ಬೇರೆ. ಇಲ್ಲಿ ಎದುರಾಳಿಗೆ ಬಿಟ್ಟುಕೊಟ್ಟ ಬೀಜವೇ ಸುತ್ತಿ ಬಂದು ಕೈ ಹಿಡಿಯುತ್ತಿತ್ತು, ಬಾಚಿಕೊಂಡವನು ಸೋಲುತ್ತಿದ್ದ. ನೋಡುತ್ತ ನಿಂತವಳು ದಾರಿ ಕೇಳುವುದನ್ನೇ ಮರೆತಳು.

ಅದು ಒಬ್ಬ ಬಡಗಿಯ ಮನೆ. ಮಣೆ ಕೆತ್ತುವವನೂ ಅವನೇ, ಆಟ ಹೂಡುವವನೂ ಅವನೇ. ಮಣೆಯನ್ನು ಮರದ ಬೆಲೆಗೇ ಕೊಡುತ್ತಿದ್ದ. ವರ್ಷಕ್ಕೊಂದು ಹೊಸ ಆಟ ಹೂಡುತ್ತಿದ್ದ. ಮಣೆ ಕೊಂಡವರಿಗೆ ಮಾತ್ರ ಅದನ್ನು ಕಲಿಸುತ್ತಿದ್ದ, ಕಲಿಸಿದ್ದಕ್ಕೆ ಭತ್ತ ಪಡೆಯುತ್ತಿದ್ದ. ಒಂದು ಕಟ್ಟು ಮಾಡಿದ್ದ: ಅವನ ಆಟವನ್ನು ನೆಲದಲ್ಲಿ ಗುಳಿ ತೋಡಿ ಆಡಕೂಡದು. ಆಡಿದ್ದು ಗೊತ್ತಾದರೆ ಆ ಮನೆಯವರಿಗೆ ಮುಂದಿನ ಆಟ ಇಲ್ಲ.

ಮಣೆ ಕೊಳ್ಳಲಾಗದವರು ಬೇಲಿಯಾಚೆ ನಿಂತು ಬೈಯುತ್ತಿದ್ದರು. ಏನಪ್ಪಾ, ನಿನ್ನ ಆಟಕ್ಕೆ ನೆಲ ಮೈಲಿಗೆಯೋ ಎಂದು ಹಂಗಿಸುತ್ತಿದ್ದರು. ಬಡಗಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನು ದುರಾಸೆಯವನಲ್ಲ. ಪ್ರಾಯದಲ್ಲಿ ಒಂದು ಆಟ ಹೂಡಿ, ಕೇಳಿದವರಿಗೆಲ್ಲ ನೆಲದ ಮೇಲೇ ಕಲಿಸಿಬಿಟ್ಟಿದ್ದ. ಮಳೆಗಾಲ ಕಳೆಯುವುದರೊಳಗೆ ಸೀಮೆಯೆಲ್ಲ ಅದನ್ನೇ ಆಡುತ್ತಿತ್ತು, ಅವನ ಮನೆಯಲ್ಲಿ ಮಾತ್ರ ಒಲೆ ಹೊತ್ತುತ್ತಿರಲಿಲ್ಲ. ಆ ವರ್ಷವೇ ಅವನ ಹೆಂಡತಿ ತೀರಿಕೊಂಡಳು. ಅಂದಿನಿಂದ ಈ ಕಟ್ಟು.

ವ್ಯಾಪಾರಿ ಹೆಂಗಸು ಅಂದು ಅಲ್ಲೇ ಉಳಿದಳು. ಬಡಗಿಗೆ ಒಬ್ಬಳು ಮಗಳಿದ್ದಳು. ಅಪ್ಪನ ಆಟಗಳೆಲ್ಲ ಅವಳಿಗೆ ಬಾಯಿಪಾಠ. ಅಪ್ಪ ಹೂಂ ಎಂದ ಮೇಲೆ ಮಗಳು ಅತಿಥಿಯನ್ನು ಎದುರು ಕೂರಿಸಿಕೊಂಡು ಆಟ ಹೇಳಿಕೊಟ್ಟಳು. ಮೊದಲ ಆಟದಲ್ಲಿ ಅತಿಥಿ ಸೋತಳು. ಎರಡನೆಯದರಲ್ಲೂ ಸೋತಳು. ಸಂತೆಯಲ್ಲಿ ಇಷ್ಟು ಮಂದಿಗೆ ಟೋಪಿ ಹಾಕಿ ಬಂದವಳು ಒಂದು ಹುಡುಗಿಯ ಕೈಲಿ ಸೋಲುವುದೇ ಎಂದು ನಗುತ್ತ, ಮೂರನೆಯದಕ್ಕೆ ಕೂತಳು. ಅದು ಅರ್ಧಕ್ಕೆ ಬರುವಾಗ ಜೊತೆಯವರು ಹುಡುಕಿಕೊಂಡು ಬಂದರು. ಎತ್ತುಗಳು ಬಾಗಿಲಲ್ಲಿ ನಿಂತಿದ್ದವು, ಏಳದೆ ವಿಧಿಯಿರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ. ಆಟದ ನಡುವೆ ಎದ್ದವರು ಆ ಆಟದ ಸಾಲಗಾರರು. ಅವರು ಬಂದು ಮುಗಿಸುವವರೆಗೆ ಆ ಮಣೆಯ ಬೀಜ ಕದಲಿಸುವ ಹಾಗಿಲ್ಲ, ಅದರಲ್ಲಿ ಬೇರೆ ಆಟ ಹೂಡುವ ಹಾಗಿಲ್ಲ. ಮುಂದಿನ ಸುಗ್ಗಿಗೆ ಬಂದು ತೀರಿಸುತ್ತೇನೆ ಎಂದು ವ್ಯಾಪಾರಿ ಹೆಂಗಸು ಮಾತು ಕೊಟ್ಟಳು. ಮಗಳು ಮಣೆಯನ್ನು ಬೀಜಗಳ ಸಮೇತ ಅಲುಗದಂತೆ ಎತ್ತಿ, ಬಟ್ಟೆ ಮುಚ್ಚಿ, ಅಟ್ಟದ ಮೇಲಿಟ್ಟಳು.

ಹೊರಡುವ ಮುಂಚೆ ವ್ಯಾಪಾರಿ ಹೆಂಗಸು ಬಡಗಿಯ ಹತ್ತಿರ ಹೋದಳು. ಮಣೆ ಹೊರಲು ಎತ್ತಿನ ಬೆನ್ನಲ್ಲಿ ಜಾಗವಿರಲಿಲ್ಲ. ನೆಲದ ಮೇಲೆ ಆಡಲು ನನಗೊಬ್ಬಳಿಗೆ ಅಪ್ಪಣೆ ಕೊಡು, ಹೋದ ಹೋದ ಕಡೆ ನಿನ್ನ ಹೆಸರು ಹೇಳುತ್ತೇನೆ ಎಂದು ಕೇಳಿಕೊಂಡಳು.

“ಹೆಸರು ಊಟಕ್ಕೆ ಬಡಿಸೋಕಾಗುತ್ತೇನಮ್ಮ?” ಎಂದ ಬಡಗಿ. “ನೆಲ ಎಲ್ಲರ ಮನೇಲೂ ಇದೆ. ಅದಕ್ಕೇ ಬೇಡ ಅನ್ನೋದು.”

ಅವಳೂ ವ್ಯಾಪಾರಿಯೇ. ಅವನ ಮಾತಿನಲ್ಲಿ ಹುಳುಕು ಹುಡುಕಿದಳು, ಸಿಗಲಿಲ್ಲ. ಆಡುವುದಿಲ್ಲ ಎಂದು ಒಪ್ಪಿಕೊಂಡು ಹೊರಟುಹೋದಳು.

ಮುಂದಿನ ಸುಗ್ಗಿಗೆ ಅವಳು ಬರಲಿಲ್ಲ. ಬೇರೊಂದು ಸೀಮೆಯಲ್ಲಿ ಮೆಣಸಿಗೆ ಒಳ್ಳೆಯ ಬೆಲೆ ಬಂತು. ಅದರ ಮುಂದಿನ ಸುಗ್ಗಿಗೆ ಹಡಗು ಹತ್ತಿದಳು. ತೀರಿಸಿದರಾಯಿತು, ಅದೇನು ದುಡ್ಡೇ ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ಆಟದ ಸುದ್ದಿಯನ್ನು ಮಾತ್ರ ಕಂಡ ಕಂಡಲ್ಲಿ ಹೇಳಿದಳು. ಒಮ್ಮೆ ಒಂದು ಬಂದರಿನಲ್ಲಿ ನಾವಿಕರು, ಎಲ್ಲಿ, ಆಡಿ ತೋರಿಸು ಎಂದು ಪಟ್ಟು ಹಿಡಿದರು. ಕೊಟ್ಟ ಮಾತನ್ನು ಬದಿಗಿಟ್ಟು ಮರಳಿನಲ್ಲಿ ಗುಳಿ ತೋಡಿದಳು. ಬೀಜ ಹಂಚಲು ಹೊರಟವಳ ಕೈ ನಡುವೆಯೇ ನಿಂತಿತು, ಮುಂದಿನದು ನೆನಪಾಗಲಿಲ್ಲ. ನಾವಿಕರು ನಕ್ಕು ಎದ್ದರು. ಇವಳೂ ನಕ್ಕಳು, ಆದರೆ ಅಂದು ಊಟ ಸೇರಲಿಲ್ಲ.

ಇತ್ತ ಬಡಗಿಗೆ ವಯಸ್ಸಾಯಿತು. ಹಾಸಿಗೆ ಹಿಡಿದಾಗ ಮಗಳನ್ನು ಕರೆದು ಮಾತು ತೆಗೆದುಕೊಂಡ. ನಾನು ಹೋದ ಮೇಲೆ ಈ ಮನೆಯಲ್ಲಿರುವ ಮಣೆಗಳೇ ನಿನಗೆ ಅನ್ನ ಹಾಕಬೇಕು, ಯಾರೆಷ್ಟೇ ಗೋಗರೆದರೂ ಆಟವನ್ನು ನೆಲಕ್ಕೆ ಬಿಡಬೇಡ ಎಂದ. ಮಗಳು ದೀಪ ಮುಟ್ಟಿ ಆಗಲಿ ಎಂದಳು.

ಸ್ವಲ್ಪ ಕಾಲ ಅವನೆಂದಂತೆಯೇ ನಡೆಯಿತು. ಮಗಳು ಒಂದೊಂದೇ ಮಣೆ ಮಾರಿ ಬದುಕಿದಳು. ಆಮೇಲೆ ಊರಿಗೆ ಬಟ್ಟೆಯ ಮೇಲೆ ಹೊಲಿದ ದಾಳದ ಆಟ ಬಂತು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಗದ್ದೆಯ ಬದುವಿನಲ್ಲೂ ಆಡಬಹುದು. ಬಡಗಿಯ ಆಟಕ್ಕೆ ಹೋಲಿಸಿದರೆ ಅದೇನೂ ಅಂಥ ಆಟವಲ್ಲ. ಆದರೂ ಜನ ಅದನ್ನೇ ಆಡಿದರು. ಮಾರಿದ ಮಣೆಗಳಲ್ಲಿ ಒಂದು ಹಂಡೆಯ ಮುಚ್ಚಳವಾಯಿತು, ಒಂದು ಕೊಟ್ಟಿಗೆಯ ಮೆಟ್ಟಿಲಾಯಿತು, ಉಳಿದವು ಒಲೆಗೆ ಹೋದವು. ಆಟ ಬಲ್ಲವರು ಒಬ್ಬೊಬ್ಬರಾಗಿ ಸತ್ತರು. ಕೊನೆಗೆ ಉಳಿದದ್ದು ಅಟ್ಟದ ಮೇಲಿನ ಆ ಒಂದು ಮಣೆ. ಅದನ್ನು ಮಾರುವಂತಿಲ್ಲ, ಆಡುವಂತಿಲ್ಲ. ಅದರಲ್ಲಿ ಬೇರೊಬ್ಬರ ಅರ್ಧ ಆಟ ಇತ್ತು.

ಬೀದಿಯಲ್ಲಿ ಮಕ್ಕಳು ಮಣ್ಣಿನಲ್ಲಿ ಗುಳಿ ತೋಡಿ, ಅಜ್ಜಂದಿರಿಂದ ಕೇಳಿದ್ದನ್ನು ನೆನೆದು, ಆ ಆಟವನ್ನು ತಪ್ಪುತಪ್ಪಾಗಿ ಆಡುತ್ತಿದ್ದರು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೇಳಿಕೊಡುವ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಬಂದಾಗಲೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಕ್ಕಳಿಗೂ ಬೇಸರವಾಯಿತು. ಗುಳಿಗಳಲ್ಲಿ ಮಳೆ ನೀರು ನಿಂತಿತು.

ವ್ಯಾಪಾರಿ ಹೆಂಗಸು ಆ ಊರಿಗೆ ಮತ್ತೆ ಬರುವಾಗ ಅವಳಿಗೆ ಎತ್ತುಗಳಿರಲಿಲ್ಲ, ಹಲ್ಲೂ ಹೆಚ್ಚಿರಲಿಲ್ಲ. ಆಟದ ಬಡಗಿಯ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ತಿಳಿಯಲಿಲ್ಲ. ನೀರು ಹೊರುತ್ತಿದ್ದ ಒಬ್ಬಾಕೆ, ಸದಾ ಬಾಗಿಲು ಹಾಕಿಕೊಂಡಿರುವ ಮುದುಕಿಯ ಮನೆಯೋ ಎಂದು ಕೈ ತೋರಿಸಿದಳು. ಬಾಗಿಲು ತೆರೆದ ಬಡಗಿಯ ಮಗಳು ಬಂದವಳನ್ನು ಒಂದು ಗಳಿಗೆ ನೋಡಿದಳು. ಯಾಕೆ ತಡವಾಯಿತು ಎಂದು ಕೇಳಲಿಲ್ಲ. ಏಣಿ ಹತ್ತಿ ಮಣೆ ಇಳಿಸಿದಳು. ಬಟ್ಟೆ ತೆಗೆದಳು. ಬೀಜಗಳು ಬಿಟ್ಟಲ್ಲೇ ಇದ್ದವು. ಮುದುಕಿಯ ಮುಖ ಹುಡುಗಿಯದಾಯಿತು.

“ಈಗ ಆಡಬೇಕಾದ್ದು ನಿನ್ನ ಕೈ, ಅಕ್ಕ,” ಎಂದಳು.

ವ್ಯಾಪಾರಿ ಹೆಂಗಸು ಮಣೆಯ ಮೇಲೆ ಕೈ ಚಾಚಿದಳು. ಈ ಗುಳಿಯ ಮೇಲೆ ತಂದಳು, ಆ ಗುಳಿಯ ಮೇಲೆ ತಂದಳು. ಸುಳ್ಳು ಹೇಳಿ ಗೊತ್ತಿದ್ದ ಬಾಯಿ ಅವಳದು, ಆದರೂ ಆಗಲಿಲ್ಲ.

“ನನಗೆ ಆಟ ಮರೆತುಹೋಗಿದೆಯಮ್ಮಾ.”

ಇಷ್ಟು ವರ್ಷ ಮಗಳು ಕಾದದ್ದು ಎದುರು ಕೂರುವ ಒಬ್ಬರಿಗಾಗಿ. ಈಗ ಎದುರು ಕೂತಿದ್ದವಳು ಆಟ ಬಾರದ ಬರಿಯ ಅತಿಥಿ. ಮಗಳು ಮೆಲ್ಲಗೆ, ತುದಿಯ ಗುಳಿಯಿಂದ ಎತ್ತು ಎಂದಳು. ಇವಳು ಎತ್ತಿದಳು. ಎಲ್ಲಿಗೆ ಹಂಚಬೇಕೆಂದು ಮಗಳೇ ಹೇಳಿದಳು. ಆಮೇಲೆ ತನ್ನ ಕೈ ತಾನು ಆಡಿದಳು. ಮತ್ತೆ ಇವಳಿಗೆ ಹೇಳಿದಳು. ಮೋಸ ಮಾಡಲಿಲ್ಲ, ತನಗೆ ತಾನೇ ಪೆಟ್ಟು ಬೀಳುವ ಕಡೆಯಲ್ಲೂ ಎದುರಾಳಿಗೆ ಅತಿ ಒಳ್ಳೆಯ ನಡೆಯನ್ನೇ ಹೇಳಿಕೊಟ್ಟಳು. ಆಟ ಮುಗಿದಾಗ ವ್ಯಾಪಾರಿ ಹೆಂಗಸು ಗೆದ್ದಿದ್ದಳು. ಗೆದ್ದು ಇಷ್ಟು ಸಂಕಟಪಟ್ಟದ್ದು ಅವಳಿಗೆ ನೆನಪಿರಲಿಲ್ಲ.

ಈಗಲಾದರೂ ಬೀದಿಯ ಮಕ್ಕಳನ್ನು ಕರೆದು ನೆಲದ ಮೇಲೆ ಕಲಿಸಬಾರದೇ, ನಿನ್ನಪ್ಪ ಇನ್ನೆಲ್ಲಿದ್ದಾರೆ ಎಂದು ಅವಳು ಕೇಳಿದಳು. ಅಪ್ಪ ಇಲ್ಲ, ಮಾತು ಇದೆಯಲ್ಲ ಎಂದಳು ಮಗಳು. ಮಣೆಯನ್ನು ಓರೆ ಮಾಡಿ ಗುಲಗಂಜಿಗಳನ್ನು ಸೆರಗಿಗೆ ಸುರಿದುಕೊಂಡಳು. ನಿನ್ನ ಸಾಲ ತೀರಿತು ಅಕ್ಕ, ಇನ್ನು ನೀನು ಹೋಗಬಹುದು ಎಂದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶರ್ವಾಣಿಗೆ ನಾಳೆಗೊಂದು ಉತ್ತರ ಬೇಕಿತ್ತು.

“ಹಾಗಾದರೆ ಬಡಗಿಯ ಲೆಕ್ಕಾಚಾರವೇ ತಪ್ಪಿತು ಅನ್ನೋಣವೇ, ಗುರುಗಳೇ?”

“ತಪ್ಪೆಲ್ಲಿ ಬಂತು ತಾಯಿ, ಅವನ ಆಟವನ್ನು ಕೊನೆಯವರೆಗೂ ಯಾರೂ ಕದಿಯಲಿಲ್ಲವಲ್ಲ,” ಎಂದರು ಗುರುಗಳು.