ಒಂದೇ ಹೆಸರಿನ ಇಬ್ಬರು

"ಕೇಳಿರಯ್ಯಾ ಕೇಳಿ! ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಅರಮನೆಯ ಕಂಪ್ಯೂಟರ್ ಕೋಣೆಯ ಅಧಿಕಾರ. ತಪ್ಪಿದವರಿಗೆ ತಲೆದಂಡ!"

ಕದವಳ್ಳಿ ರಾಜ್ಯದಲ್ಲಿ ಹೀಗೆ ಡಂಗುರ ಹೊಡೆಯಲು ಕಾರಣವಿತ್ತು. ಬೀದಿದೀಪ ಬೆಳಗಿಸುವ ಹೊಸ ಪ್ರೋಗ್ರಾಂಗೆಂದು ಮಂತ್ರಿ ಹೊಸ ರನ್‌ಟೈಮ್ ಹಾಕಿಸಿದ್ದ. ಪ್ರೋಗ್ರಾಂಗಳನ್ನು ನಡೆಸುವ ತಂತ್ರಾಂಶ ಅದು; ಹಳೆಯದಕ್ಕೂ ಹೊಸದಕ್ಕೂ ಒಂದೇ ಹೆಸರು. ಅಂದಿನಿಂದ ಕಾಲುವೆಯ ತೂಬು ತೆರೆಯುವ ಹಳೆಯ ಪ್ರೋಗ್ರಾಂ ನಿಂತುಹೋಯಿತು. ಹಳೆಯ ರನ್‌ಟೈಮನ್ನು ಮುಂದೆ ತಂದರೆ ದೀಪ ಆರುತ್ತಿತ್ತು. ಹೊಸದನ್ನೇ ಇಟ್ಟುಕೊಂಡರೆ ನೀರಿಲ್ಲದೆ ಗದ್ದೆಗಳು ಬಿರುಕು ಬಿಡುತ್ತಿದ್ದವು. ಇನ್ನು ಅರೆಬರೆ ಬಲ್ಲವರು ಕೈಯಾಡಿಸಕೂಡದೆಂದು ದೊರೆ ವೀರಮಲ್ಲ ಈ ಪರೀಕ್ಷೆ ಇಟ್ಟ.

ಮೊದಲು ಆಸ್ಥಾನ ಪಂಡಿತ ಆ ಕೋಣೆಗೆ ಬಂದ.

"ಒಂದೇ ಹೆಸರಿನ ಇಬ್ಬರು ಒಂದೇ ಮನೆಯಲ್ಲಿದ್ದಾರೆ. ಹೆಸರು ಹಿಡಿದು ಕೂಗಿದರೆ ಒಬ್ಬನೇ ಬರುತ್ತಾನೆ. ಯಾರು?" ಎಂದ ದೊರೆ.

"ಹೊಸಬ" ಎಂದ ಪಂಡಿತ. ಯಂತ್ರದಲ್ಲಿ ಹೆಸರು ಟೈಪಿಸಿದರೆ ಹಳಬ ಬಂದ. ತಲೆದಂಡದ ದಿನದವರೆಗೆ ಇರಿಸಲು ಪಂಡಿತನನ್ನು ಸೆರೆಗೆ ಒಯ್ದರು.

ಮರುದಿನ ಸೇನಾಪತಿಯ ಮಗ ಎದೆಯುಬ್ಬಿಸಿ "ಹಳಬ" ಎಂದ. ಈ ಸಲ ಹೊಸಬ ಬಂದ. ಅವನನ್ನೂ ಒಯ್ದರು.

ಆಗ ಕೋಣೆ ಗುಡಿಸುವ ಮಾಳವ್ವ ಪೊರಕೆ ಬದಿಗಿಟ್ಟಳು. ಕೋಣೆಯ ಮೇಲ್ವಿಚಾರಕ ತೀರಿಹೋಗುವವರೆಗೂ ಅವನ ಕೆಲಸವನ್ನು ಎಂಟು ವರ್ಷ ನೋಡಿದವಳು ಅವಳು.

"ಹೊಸಬನೂ ಅಲ್ಲ, ಹಳಬನೂ ಅಲ್ಲ ಮಹಾಸ್ವಾಮಿ. ಯಾವ ಯಾವ ಫೋಲ್ಡರಿನಲ್ಲಿ ಹುಡುಕಬೇಕೆಂದು ಹೇಳುವ ಪಟ್ಟಿಯೊಂದು ಯಂತ್ರದಲ್ಲಿದೆ. ಅದರಲ್ಲಿ ಯಾರ ವಿಳಾಸ ಮೊದಲಿದೆಯೋ ಅವನೇ ಬರುತ್ತಾನೆ. ನಿನ್ನೆ ಪಂಡಿತರನ್ನು ಒಯ್ದ ಮೇಲೆ ಮಂತ್ರಿಗಳು ಆ ಪಟ್ಟಿಯ ಕ್ರಮ ಬದಲಿಸಿದರು."

ಮಂತ್ರಿ ತಲೆ ತಗ್ಗಿಸಿದ.

"ಇಬ್ಬರ ನಡುವೆ ಜಗಳವಾಗದಂತೆ ಒಂದೇ ಮನೆಯಲ್ಲಿ ಬಾಳಿಸುವುದು ಹೇಗೆ?" ಎಂದು ದೊರೆ ಎರಡನೆಯದನ್ನು ಕೇಳಿದ.

"ಬೇರೆ ಬೇರೆ ಫೋಲ್ಡರಿನಲ್ಲಿಟ್ಟು, ತನಗೆ ಯಾವ ಆವೃತ್ತಿ ಬೇಕೆಂದು ಪ್ರತಿಯೊಂದು ಪ್ರೋಗ್ರಾಂ ಪಕ್ಕದಲ್ಲೂ ಒಂದು ಸಾಲು ಬರೆದಿಡಬೇಕು. ಆಗ ಪಟ್ಟಿಯ ಗೊಡವೆಯೇ ಬೇಡ."

ದೊರೆ ಮುಂದಕ್ಕೆ ಬಾಗಿದ. "ಮೂರನೆಯದು. ನನ್ನನ್ನು ಯಾರೂ ಹೊಗಳುವುದಿಲ್ಲ, ನಾನು ಹೋದರೆ ಊರು ಒಣಗುತ್ತದೆ. ನಾನು ಹೊರಡುವ ದಿನ ಯಾವುದು?"

"ಹಳೆಯ ರನ್‌ಟೈಮ್. ಹೊಸದು ಬಂದ ದಿನ ಅದು ಹೊರಡಬಾರದು. ಅದನ್ನು ಕರೆಯುವ ಕೊನೆಯ ಪ್ರೋಗ್ರಾಂ ಬೇರೆಯದಕ್ಕೆ ಒಗ್ಗಿದ ಮೇಲೆ ಹೊರಡಲಿ."

"ಮಾಡಿ ತೋರಿಸಮ್ಮಾ."

ಮಾಳವ್ವ ಕುಳಿತು ಎರಡು ಸಾಲು ಬರೆದಳು. ಬೀದಿಯಲ್ಲಿ ದೀಪ ಹತ್ತಿತು. ಕಾಲುವೆಯ ಕಡೆಯಿಂದ ನೀರಿನ ಸದ್ದು, ಅದರ ಹಿಂದೆಯೇ ಜನರ ಕೂಗು ಕೇಳಿಸಿತು.

"ಇನ್ನೇನು ಬೇಕು ಕೇಳು."

"ಸೆರೆಯಲ್ಲಿರುವ ಇಬ್ಬರನ್ನೂ ಬಿಟ್ಟುಬಿಡಿ. ಗೊತ್ತಿಲ್ಲದ್ದಕ್ಕೆ ತಲೆ ತೆಗೆದರೆ ಯಾರೂ ಕಲಿಯಲಾರರು."

ದೊರೆ ಅವರನ್ನು ಬಿಡಿಸಿ, ಕೋಣೆಯ ಬೀಗದ ಕೈಯನ್ನು ತಾನೇ ಅವಳ ಕೈಯಲ್ಲಿಟ್ಟ. ವರ್ಷದ ಬಳಿಕ ಅದೇ ದೊರೆ ಇನ್ನೊಂದು ಹೊಸ ರನ್‌ಟೈಮ್ ಹಿಡಿದು ಬಂದಾಗ ಅವಳು, "ತುಸು ತಾಳಿ ಮಹಾಸ್ವಾಮಿ, ಯಾರಿಗೆ ಏನು ಬೇಕೋ ನೋಡಿ ಹಾಕುತ್ತೇನೆ" ಎಂದಳು. ದೊರೆ ಬಾಗಿಲ ಬಳಿಯ ಮಣೆಯ ಮೇಲೆ ಕುಳಿತು ಕಾದ.